ಆರು ವರ್ಷದ ತಿಪ್ಪಣ್ಣ

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಈ ಕಥೆಯಲ್ಲಿ ಹೊಳೆಗೆ ಹೆಚ್ಚಿನ ಕೆಲಸವಿಲ್ಲ. ಆದರೂ ಗುರು-ಶಿಷ್ಯರು ಬಂದಲ್ಲಿ ಒಂದು ಹೊಳೆ ಇರುವುದು ಮರ್ಯಾದೆ, ಇರಲಿ.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರಿಗೆ ಉದ್ದನೆಯದೊಂದು ಹೆಸರೂ ಇತ್ತು. ಅದು ಕರಪತ್ರದಲ್ಲಿ ಅಚ್ಚು ಹಾಕಿಸಲು ಮಾತ್ರ ಉಪಯೋಗಕ್ಕೆ ಬರುತ್ತಿತ್ತು.

ಶಿಷ್ಯನ ಹೆಸರು ತಿಪ್ಪಣ್ಣ. ಆಶ್ರಮ ಸೇರುವ ಮೊದಲು ಗದಗಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಬಂದು ಆರು ವರ್ಷವಾಗಿತ್ತು. ಇನ್ನೂ ಬಿಳಿ ಬಟ್ಟೆಯಲ್ಲೇ ಇದ್ದ.

ತನ್ನ ಹೆಸರೆಂದರೆ ಅವನಿಗೆ ಆಗುತ್ತಿರಲಿಲ್ಲ. ಅವನಿಗಿಂತ ಮೊದಲು ಹುಟ್ಟಿದ ಎರಡು ಗಂಡು ಕೂಸು ಉಳಿದಿರಲಿಲ್ಲ. ಇದನ್ನಾದರೂ ಯಮ ಮುಟ್ಟದಿರಲಿ ಎಂದು, ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಉರುಳಿಸಿ, ಎತ್ತಿಕೊಂಡು, ಆ ಹೆಸರಿಟ್ಟಿದ್ದರು. ನಮ್ಮ ಕಡೆ ಅಂಥ ಹೆಸರಿಗೇನೂ ಬರವಿಲ್ಲ. ಆದರೆ ಹೆಸರಿನಿಂದ ಉಳಿದ ಜೀವಕ್ಕೇ ಹೆಸರು ಬೇಡವಾಗಿತ್ತು.

ಕಾವಿ ಉಟ್ಟ ದಿನ ಹಳೆಯ ಹೆಸರು ಹೋಗಿ ಹೊಸದು ಬರುತ್ತದೆ. ತಿಪ್ಪಣ್ಣ ಆ ದಿನಕ್ಕೆ ಕಾಯುತ್ತಿದ್ದ.

ಒಂದು ಮುಂಜಾನೆ ಅಜ್ಜಾರು ಅವನನ್ನು ಕರೆದು, ಬರುವ ಹುಣ್ಣಿಮೆಗೆ ದೀಕ್ಷೆ ಕೊಡುವುದಾಗಿ ಹೇಳಿದರು. ಆಶ್ರಮದ ಆಪಿನ ಬಾಗಿಲು ರಿಪೇರಿಯಾಗಬೇಕಿತ್ತಲ್ಲ, ಅದೂ ಅದೇ ದಿನ ತೆರೆಯಲಿ ಎಂದರು.

ಆ ಆಪನ್ನು ಮಾಡಿದವನು ತಿಪ್ಪಣ್ಣನೇ. ಅಜ್ಜಾರ ಪಾಠವನ್ನು ಊರೂರಿನ ಭಕ್ತರು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಕೇಳಬಹುದಿತ್ತು. ಒಳಗೆ ಬರಲು ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್. ಭಕ್ತರು ಎಂಟುನೂರು.

ಕೆಲವು ದಿನಗಳ ಹಿಂದೆ ತಿಪ್ಪಣ್ಣ ಆ ಪಾಸ್‌ವರ್ಡುಗಳನ್ನು ನೋಡಿದ್ದ. ನೋಡಬಾರದು, ನೋಡಿದ. ಆರುನೂರು ಜನ ಒಂದೇ ಇಟ್ಟಿದ್ದರು: ಶಿವಶಿವ. ಉಳಿದ ಇನ್ನೂರು ಜನ ತಮ್ಮದನ್ನು ವಾರಕ್ಕೊಮ್ಮೆ ಮರೆತು ಆಫೀಸಿಗೆ ಫೋನು ಮಾಡುತ್ತಿದ್ದರು.

ಅವನು ಗಾಬರಿಯಾಗಿ ಅಜ್ಜಾರ ಬಳಿ ಓಡಿದ. ಯಾರು ಬೇಕಾದರೂ ಯಾರಾಗಿ ಬೇಕಾದರೂ ಒಳಗೆ ಬರಬಹುದು, ಇವರು ಯಾರು ಅವರು ಯಾರು ಎಂಬುದೇ ತಿಳಿಯುವುದಿಲ್ಲ ಎಂದ.

“ನಲವತ್ತು ವರ್ಷ ನಾ ಅದ್ವೈತ ಹೇಳೀನಿ. ಒಬ್ಬರಿಗೂ ತಿಳೀಲಿಲ್ಲ. ನೀ ಆರು ತಿಂಗಳದಾಗ ಮಾಡಿ ತೋರಿಸಿದೆಲ್ಲೋ,” ಎಂದರು ಅಜ್ಜಾರು.

ತಿಪ್ಪಣ್ಣ ನಗಲಿಲ್ಲ. ಅವನ ಬಳಿ ಉಪಾಯವಿತ್ತು.

“ಇನ್ನ ಪಾಸ್‌ವರ್ಡ್ ಬ್ಯಾಡ್ರಿ, ಅಜ್ಜಾರ. ಎಲ್ಲಾರ ಮೊಬೈಲಿನಾಗೂ ಒಂದು ದೊಡ್ಡ ಕಂಪನಿ ಖಾತೆ ಇರ್ತೈತಿ. ನಮ್ಮ ಬಾಗಲಿಗೆ ಯಾರರ ಬಂದ್ರ ನಾವು ಆ ಕಂಪನೀನ ಕೇಳೋದು, ಇವರು ಇವರ ಹೌದೇನು ಅಂತ. ಅದು ಹೌದು ಅಂದ್ರ ಒಳಗ ಬಿಡೋದು.”

“ಅಂದ್ರ ನಮ್ಮ ಭಕ್ತರ ಗುರ್ತು ನಮಗಿಲ್ಲ. ಅವರಿಗೈತಿ.”

“ಹೌದ್ರಿ.”

“ಆ ಕಂಪನಿ ಯಾರದು? ಎಲ್ಲಿರ್ತೈತಿ?”

ಯಾರೂ ಕಂಡಿಲ್ಲ, ಆದರೆ ಎಲ್ಲರ ವಿಷಯವೂ ಅದಕ್ಕೆ ಗೊತ್ತಿದೆ ಎಂದ ತಿಪ್ಪಣ್ಣ.

“ಹಂಗಾರ ನಮಗ ಹೊಸಾದೇನಲ್ಲ. ಮಾಡು,” ಎಂದರು ಅಜ್ಜಾರು.

ಕೆಲಸ ಶುರುವಾಯಿತು. ಕಂಪನಿಯ ಬಳಿ ಆಶ್ರಮವನ್ನು ನೋಂದಾಯಿಸಬೇಕು. ನೋಂದಾಯಿಸಲು ಯಾರದಾದರೂ ಒಂದು ಖಾತೆ ಬೇಕು. ಆಶ್ರಮದಲ್ಲಿ ಆ ಜಂಜಾಟ ತಿಳಿದವನು ತಿಪ್ಪಣ್ಣ ಒಬ್ಬನೇ. ಗದಗಿನ ಕಾಲದ ತನ್ನ ಹಳೆಯ ಖಾತೆಯಿಂದಲೇ ಎಲ್ಲ ನೋಂದಾಯಿಸಿದ.

ಮೊಬೈಲಿಗೆ ಒಂದು ಗುರುತಿನ ಸಂಖ್ಯೆ ಸಿಕ್ಕಿತು. ವೆಬ್‌ಗೆ ಇನ್ನೊಂದು. ಕಂಪನಿ ಗುರುತು ನೋಡಿದ ಮೇಲೆ ಭಕ್ತರನ್ನು ಯಾವ ವಿಳಾಸಕ್ಕೆ ಮರಳಿ ಕಳಿಸಬೇಕು ಎಂದು ಬರೆಯುವಲ್ಲಿ ತಿಪ್ಪಣ್ಣ ಕೊನೆಯ ಒಂದು ಓರೆಗೆರೆ, ಅಂದರೆ ಸ್ಲ್ಯಾಶ್, ಹಾಕಲು ಮರೆತ. ಪರೀಕ್ಷೆಗೆಂದು ಒಳಗೆ ಹೋದವರು ಯಾರೂ ಮರಳಿ ಬರಲಿಲ್ಲ.

ಎರಡು ದಿನ ಊಟ ಬಿಟ್ಟು ಹುಡುಕಿದ. ತಪ್ಪೆಲ್ಲಿ ಎಂದು ಸಿಗಲಿಲ್ಲ. ಹೋದವರು ಹಿಂದಿರುಗುತ್ತಿಲ್ಲ ಎಂದು ಅಜ್ಜಾರ ಮುಂದೆ ಹೇಳಿಕೊಂಡ.

“ಅದಕ್ಕ ಮೋಕ್ಷ ಅಂತಾರ,” ಎಂದರು ಅಜ್ಜಾರು.

ಮೂರನೆಯ ದಿನ ಓರೆಗೆರೆ ಸಿಕ್ಕಿತು. ಭಕ್ತರು ಸಂಸಾರಕ್ಕೆ ಮರಳಿದರು.

ಇನ್ನು ಒಪ್ಪಿಗೆಯ ಪುಟ. ಭಕ್ತರು ಒಳಗೆ ಬರುವಾಗ ‘ಈ ಆಶ್ರಮ ನಿಮ್ಮ ಬಗ್ಗೆ ಇಂತಿಂಥದ್ದು ತಿಳಿಯಲು ಬಯಸುತ್ತದೆ, ಒಪ್ಪಿಗೆಯೇ?’ ಎಂದು ಕಂಪನಿ ಕೇಳುತ್ತದೆ. ಏನೇನು ಕೇಳಬಹುದು ಎಂಬ ಪಟ್ಟಿಯಿತ್ತು. ಹೆಸರು, ಫೋಟೋ, ಹುಟ್ಟಿದ ದಿನ, ಪರಿಚಯದವರ ನಂಬರುಗಳು, ಹೋದ ಬಂದ ಜಾಗಗಳು. ತಿಪ್ಪಣ್ಣ ಎಲ್ಲದಕ್ಕೂ ಗುರುತು ಹಾಕಿದ.

ಇಷ್ಟೆಲ್ಲ ಎದಕ್ಕೆ ಎಂದು ಅಜ್ಜಾರು ಕೇಳಿದರು.

“ಇರ್ಲಿ ಅಂತ್ರಿ. ಯಾವಾಗರೆ ಬೇಕಾಗ್ತೈತಿ.”

ಮಧ್ಯಾಹ್ನ ಪ್ರಸಾದದ ಹೊತ್ತಿಗೆ ಅಜ್ಜಾರು ತಿಪ್ಪಣ್ಣನ ಕೈಗೆ ಅದೇ ಪಟ್ಟಿಯನ್ನು ಕೊಟ್ಟು ಊಟದ ಮನೆಯ ಬಾಗಿಲಲ್ಲಿ ನಿಲ್ಲಿಸಿದರು. ಒಬ್ಬೊಬ್ಬರನ್ನೂ ಇದೆಲ್ಲ ಕೇಳಬೇಕು, ಹೇಳಿದವರಿಗೆ ಮಾತ್ರ ತಾಟು ಕೊಡಬೇಕು ಎಂದು ಅಪ್ಪಣೆಯಾಯಿತು.

ಮೊದಲನೆಯವನು ಹುಟ್ಟಿದ ದಿನ ಗೊತ್ತಿಲ್ಲವೆಂದ. ಎರಡನೆಯವನು ನಿನ್ನೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ್ದಕ್ಕೆ ಹೆಂಡತಿಯ ಮುಖ ನೋಡಿ ಸಾಲು ಬಿಟ್ಟು ಹೋದ. ಮೂರನೆಯವಳು ಸವದತ್ತಿ ಕಡೆಯ ಒಬ್ಬ ಮುದುಕಿ. ಪರಿಚಯದವರ ಹೆಸರು ಹೇಳಬೇಕೆಂದಾಗ ಅವಳಿಗೆ ಬಹಳ ಸಂತೋಷವಾಯಿತು. ತವರಿನಿಂದ ಶುರು ಮಾಡಿದಳು.

ಅವಳು ಗಂಡನ ಮನೆಗೆ ಬರುವಷ್ಟರಲ್ಲಿ ಸಾಲು ಹೊಳೆಯ ಮೆಟ್ಟಿಲು ಮುಟ್ಟಿತು. ಅನ್ನ ಆರಿತು. ಹಿಂದಿನವರು ಗೊಣಗತೊಡಗಿದರು. ಮುದುಕಿ ಎಲ್ಲ ಮುಗಿಸಿ, ತಿಪ್ಪಣ್ಣನ ಗಲ್ಲ ಹಿಡಿದು, ನಿನ್ನ ಹೆಸರೂ ಹೇಳಪ್ಪಾ, ಈಗ ನೀನೂ ಗುರ್ತಿನಾಂವ ಆದಿ ಎಂದಳು. ಅವನು ಹೆಸರು ಹೇಳಲಿಲ್ಲ. ತಾಟು ಕೊಟ್ಟ.

ಅಜ್ಜಾರು ಸಾಲಿನ ಕೊನೆಯಲ್ಲಿ ನಿಂತಿದ್ದರು. ತಣ್ಣಗಿನ ಅನ್ನ ಸಾರು ಉಂಡು ಎದ್ದು ಹೋದರು.

ತಿಪ್ಪಣ್ಣ ಎಲ್ಲ ತೆಗೆದು ಹಾಕಿ ಹೆಸರು, ಫೋಟೋ ಎರಡನ್ನೇ ಉಳಿಸಿದ.

ಎಲ್ಲರೆದುರಿನ ಮೊದಲ ಪ್ರವೇಶ ಅಜ್ಜಾರದೇ ಆಗಬೇಕು ಎಂದು ಅವನಿಗೆ ಆಸೆಯಿತ್ತು. ಅಜ್ಜಾರಿಗೆ ಖಾತೆ ಇರಲಿಲ್ಲ. ತೆರೆಯಹೋದರೆ ಕಂಪನಿ ತಡೆಯಿತು. ನೀವು ಯಂತ್ರವಲ್ಲ ಎಂದು ತೋರಿಸಿ, ಈ ಒಂಬತ್ತು ಚಿತ್ರಗಳಲ್ಲಿ ಬಸ್ಸು ಇರುವುದನ್ನು ಒತ್ತಿ ಎಂದಿತು.

ಅಜ್ಜಾರು ಕನ್ನಡಕ ಏರಿಸಿ ನೋಡಿದರು. ಯಾವುದನ್ನೂ ಒತ್ತಲಿಲ್ಲ.

“ಮೂರರಾಗ ಬಸ್ ಐತಲ್ರಿ, ಅಜ್ಜಾರ.”

“ಇದ್ರ ಹತ್ತಿ ಗದಗಕ್ಕ ಹೋಗಿ ಬಾ ನೋಡೂಣು. ಬರೇ ಚಿತ್ರ ಅದು.”

ಮೂರು ಸಲ ಹಾಗೇ ಆಯಿತು. ಅಜ್ಜಾರು ಯಂತ್ರವೆಂದು ಕಂಪನಿ ತೀರ್ಮಾನಿಸಿತು. ತಿಪ್ಪಣ್ಣನಿಗೆ ಅವಮಾನವಾಯಿತು. ಅಜ್ಜಾರಿಗೆ ಏನೂ ಆಗಲಿಲ್ಲ. ದೇಹ ಒಂದು ಯಂತ್ರವೆಂದು ತಾವೂ ಹೇಳುತ್ತ ಬಂದಿರುವುದಾಗಿ, ಕಂಪನಿಗೆ ಅಷ್ಟಾದರೂ ತಿಳಿದಿದ್ದು ಒಳ್ಳೆಯದಾಯಿತೆಂದು ಹೇಳಿ ಮಲಗಲು ಹೋದರು.

ಹಾಗಾಗಿ ಆ ಪ್ರವೇಶಕ್ಕೆ ನಿಃಸಂಗ ಸ್ವಾಮಿಗಳು ಕುಳಿತರು.

ನಿಃಸಂಗರು ಆಶ್ರಮದ ಹಿರಿಯ ಶಿಷ್ಯರು. ಕಾವಿ ಉಟ್ಟು ಹದಿಮೂರು ವರ್ಷ. ಕಿರಿಯರಿಗೆ ನಿಯಮ ಕಲಿಸುವವರು ಅವರೇ. ಆಶ್ರಮಕ್ಕೆ ಕಾಲಿಟ್ಟ ದಿನವೇ ನಮ್ಮ ಹುಟ್ಟಿದ ದಿನ, ಅದಕ್ಕೂ ಮೊದಲಿನ ಲೆಕ್ಕ ಲೆಕ್ಕವಲ್ಲ ಎನ್ನುತ್ತಿದ್ದರು. ಕಾವಿಯವನ ಹಳೆಯ ಹೆಸರನ್ನು ಆಡಬಾರದು, ಕೇಳಬಾರದು, ಕರೆದರೆ ಓ ಎನ್ನಬಾರದು. ನಗು ಅವರಿಗೆ ನಿಷಿದ್ಧವೇನೂ ಆಗಿರಲಿಲ್ಲ, ರೂಢಿ ತಪ್ಪಿತ್ತು ಅಷ್ಟೇ.

ಎಲ್ಲರೂ ನೋಡಲೆಂದು ಸಭಾಮಂಟಪದ ದೊಡ್ಡ ಟೀವಿಗೆ ಅವರ ಮೊಬೈಲನ್ನು ಜೋಡಿಸಿದರು. ನಿಃಸಂಗರು ಗಂಭೀರವಾಗಿ ಬೆರಳು ಒತ್ತಿದರು. ಕಂಪನಿ ಗುರುತು ಹಿಡಿಯಿತು. ಬಾಗಿಲು ತೆರೆಯಿತು.

‘ಸ್ವಾಗತ, ನ್ಯೂ ಫ್ಯಾಷನ್ ಲೇಡೀಸ್ ಟೇಲರ್’ ಎಂದು ಟೀವಿಯಲ್ಲಿ ಬಂತು.

ಕೆಳಗೆ ಫೋಟೋ ಇತ್ತು. ಕೊರಳಲ್ಲಿ ಅಳತೆಯ ಟೇಪು, ಕಿವಿಯಲ್ಲಿ ಪೆನ್ಸಿಲು, ಬಾಚಿದ ಕ್ರಾಪು.

ಹಿಂದಿನ ಸಾಲಿನಲ್ಲಿ ಒಬ್ಬನಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

“ಇದು ನಾನಲ್ಲ,” ಎಂದರು ನಿಃಸಂಗರು. ಶಾಸ್ತ್ರದ ಪ್ರಕಾರ ಅದು ಸರಿಯಾದ ಮಾತು.

ಅಜ್ಜಾರು ಎದ್ದು ಒಳಗೆ ಹೋದರು. ಮೊಳದುದ್ದ ಹರಿದ ತಮ್ಮ ಶಾಲು ತಂದು ನಿಃಸಂಗರ ತೊಡೆಯ ಮೇಲಿಟ್ಟರು.

“ಇದನ್ನ ಯಾರ ಕಡೆ ಹೊಲಿಸ್ಲಿ ಅಂತ ಎಷ್ಟು ದಿನಾ ಹುಡುಕೀನಿ. ಮನ್ಯಾಗ ಟೇಲರ್ ಇದ್ದೂ ಹೇಳ್ಲಿಲ್ಲಲ್ಲೋ.”

ನಿಃಸಂಗರು ಆ ಸಂಜೆ ಶಾಲು ಹೊಲಿದರು. ಎಲ್ಲಿ ಹರಿದಿತ್ತು ಎಂಬುದು ಬೆರಳಿಗೂ ಸಿಗದ ಹಾಗೆ ಹೊಲಿದರು. ಹೊಲಿಯುವಾಗ ಅವರ ಮುಖ ಸ್ವಲ್ಪ ಸಡಿಲವಾಗಿತ್ತು ಎಂದು ನೋಡಿದವರು ಹೇಳಿದರು. ಆದರೆ ಮರುದಿನ ತಿಪ್ಪಣ್ಣನನ್ನು ಕರೆದು, ಇನ್ನೊಮ್ಮೆ ಹಳೆಯ ಹೆಸರು ಯಾರ ಕಣ್ಣಿಗೂ ಬೀಳಕೂಡದು ಎಂದು ತಾಕೀತು ಮಾಡಿದರು.

ಇಡೀ ಆಶ್ರಮ ಒಳಗೊಳಗೇ ನಕ್ಕಾಗ ತಿಪ್ಪಣ್ಣ ಒಬ್ಬ ನಕ್ಕಿರಲಿಲ್ಲ. ಒಪ್ಪಿಗೆಯ ಪುಟದ ಬುಡದಲ್ಲಿ, ಸಣ್ಣ ಅಕ್ಷರದಲ್ಲಿ, ಅವನು ಇನ್ನೊಂದನ್ನು ನೋಡಿದ್ದ. ಆಪನ್ನು ನೋಂದಾಯಿಸಿದವರ ಹೆಸರು ಅಲ್ಲಿತ್ತು: ತಿಪ್ಪಣ್ಣ.

ಹುಣ್ಣಿಮೆಯಿಂದ ಎಂಟುನೂರು ಭಕ್ತರು ಒಳಗೆ ಬರುವಾಗಲೆಲ್ಲ ಅದನ್ನು ಓದುತ್ತಾರೆ. ಕಾವಿ ಉಟ್ಟ ಮೇಲೂ ಓದುತ್ತಾರೆ.

ಹುಣ್ಣಿಮೆಗೆ ನಾಲ್ಕು ದಿನವಿತ್ತು. ಅವನು ತನ್ನ ಖಾತೆಯೊಳಗೆ ಹೋಗಿ ಹೆಸರು ಅಳಿಸಿದ. ಹೊಸ ಹೆಸರು ಕೊಡುವುದು ಗುರುಗಳ ಕೆಲಸ, ಅದು ಅವನಿಗೆ ಗೊತ್ತಿತ್ತು. ಆದರೆ ಆರು ವರ್ಷದಿಂದ ಮನಸ್ಸಿನಲ್ಲಿ ಒಂದನ್ನು ಸಾಕಿಕೊಂಡು ಬಂದಿದ್ದ. ಅದನ್ನೇ ಬರೆದ: ದಿಗಂತಾನಂದ.

ಹೆಸರಿನ ಕೆಳಗೆ ಹುಟ್ಟಿದ ದಿನ ಇತ್ತು. ಹೆಸರು ಹೊಸದಾಗಿ ಹುಟ್ಟು ಹಳೆಯದಾಗಿ ಉಳಿದರೆ ಹೇಗೆ? ನಿಃಸಂಗರ ನಿಯಮ ನೆನಪಾಯಿತು. ಆಶ್ರಮಕ್ಕೆ ಕಾಲಿಟ್ಟ ದಿನವನ್ನು ಭಕ್ತಿಯಿಂದ ಬರೆದು ಒತ್ತಿದ.

ಕಂಪನಿಗೆ ವೇದಾಂತ ಗೊತ್ತಿರಲಿಲ್ಲ. ಗಣಿತ ಗೊತ್ತಿತ್ತು.

‘ದಿಗಂತಾನಂದ ಅವರೇ, ನಿಮಗೆ ಆರು ವರ್ಷ. ಈ ಖಾತೆಯನ್ನು ಬಳಸಲು ಪಾಲಕರ ಒಪ್ಪಿಗೆ ಬೇಕು’ ಎಂದು ಬಂತು. ಖಾತೆಗೆ ಬೀಗ ಬಿತ್ತು. ಇಡೀ ಆಶ್ರಮದ ನೋಂದಣಿ ಅದೇ ಖಾತೆಯಲ್ಲಿತ್ತು. ಮೊಬೈಲಿನ ಬಾಗಿಲೂ ಮುಚ್ಚಿತು, ವೆಬ್ ಬಾಗಿಲೂ ಮುಚ್ಚಿತು.

ತಿಪ್ಪಣ್ಣ ಕಂಪನಿಗೆ ಉದ್ದನೆಯ ಪತ್ರ ಬರೆದ. ಸನ್ಯಾಸವೆಂದರೆ ಮರುಹುಟ್ಟು, ಮೊದಲ ಹುಟ್ಟಿನ ಪ್ರಕಾರ ತನಗೆ ಮೂವತ್ನಾಲ್ಕು ಎಂದು ವಿವರಿಸಿದ. ಬರೆದದ್ದಕ್ಕೆ ಧನ್ಯವಾದ, ದಯವಿಟ್ಟು ಪಾಲಕರಿಗೆ ತಿಳಿಸಿ ಎಂದು ಉತ್ತರ ಬಂತು. ಪಾಲಕರು ಯಾರೂ ಇಲ್ಲ ಎಂದು ಎರಡನೆಯ ಪತ್ರ ಬರೆದ. ನಿಮ್ಮ ಖಾತೆಯಲ್ಲಿ ಒಂದು ಮೊಬೈಲ್ ನಂಬರ್ ಇದೆ, ಅದಕ್ಕೆ ಆರು ಅಂಕಿ ಕಳಿಸುತ್ತೇವೆ, ಅವರಿಂದ ಕೇಳಿ ತುಂಬಿದರೆ ಸಾಕು ಎಂದು ಉತ್ತರ ಬಂತು. ನಂಬರಿನ ಕೊನೆಯ ಎರಡು ಅಂಕಿ ಕಾಣುತ್ತಿದ್ದವು.

ಅವನಿಗೆ ಆ ಎರಡೇ ಸಾಕಾಯಿತು. ತಲೆಯ ಮೇಲೆ ಕೈಹೊತ್ತು ಕುಳಿತ.

ಅಜ್ಜಾರು ಆಫೀಸಿನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ತಿಪ್ಪಣ್ಣ ಹೋಗಿ ಎದುರಿಗೆ ಕುಳಿತು, ಖಾತೆಗೆ ಬೀಗ ಬಿದ್ದದ್ದನ್ನೂ ಕಂಪನಿ ಪಾಲಕರ ಒಪ್ಪಿಗೆ ಕೇಳುತ್ತಿರುವುದನ್ನೂ ಹೇಳಿದ. ದಿಗಂತಾನಂದನ ವಿಷಯ ಹೇಳಲಿಲ್ಲ.

“ಛಲೋ ಕಂಪನಿ. ಕಾವಿ ಕೊಡೂ ಮುಂದ ನಾವೂ ಅದನ್ನ ಕೇಳ್ತೀವಿ. ನೀ ಬಂದ ದಿನಾ ನಿನ್ನ ಕೇಳಿದ್ದೆ.”

ಅದು ನಿಜ. ಮನೆಯಲ್ಲಿ ಯಾರಿದ್ದಾರೆ, ಅವರು ಒಪ್ಪಿದ್ದಾರೆಯೇ ಎಂದು ಅಜ್ಜಾರು ಆ ದಿನ ಕೇಳಿದ್ದರು. ಮನೆಯವರ ಒಪ್ಪಿಗೆ ಇಲ್ಲದವರಿಗೆ ಆ ಆಶ್ರಮದಲ್ಲಿ ದೀಕ್ಷೆಯಿಲ್ಲ. ತನಗೆ ಯಾರೂ ಇಲ್ಲ ಎಂದು ತಿಪ್ಪಣ್ಣ ಹೇಳಿದ್ದ.

“ಕಂಪನೀಗೂ ಅದನ್ನ ಹೇಳು. ಯಾರೂ ಇಲ್ಲ ಅಂತ.”

“ಹೇಳಿದ್ನಿರಿ. ನಂಬವಲ್ರು.”

“ಯಾಕ?”

“ಅವರ ಹತ್ರ ಒಂದು ನಂಬರ್ ಐತ್ರಿ.”

ಅಜ್ಜಾರು ಇನ್ನೊಂದು ಶೇಂಗಾ ಒಡೆದು ಕಾಳು ಬಾಯಿಗೆ ಹಾಕಿಕೊಂಡರು.

“ನನ್ನ ಹತ್ರ ಇರ್ಲಿಲ್ಲ. ಅದಕ್ಕ ನಂಬಿದೆ,” ಎಂದರು.

ಯಾರ ನಂಬರ್ ಎಂದು ಅವರು ಕೇಳಲಿಲ್ಲ. ಇವನು ಹೇಳಲಿಲ್ಲ. ನಾನು ಹೇಳುತ್ತೇನೆ.

ಅದು ನೀಲವ್ವನ ನಂಬರ್. ನೀಲವ್ವ ತಿಪ್ಪಣ್ಣನ ಅಕ್ಕ. ತಾಯಿ ಹೋದಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾರು. ಗದಗಿನಲ್ಲಿ ಖಾನಾವಳಿ ಇಟ್ಟು, ರೊಟ್ಟಿ ಬಡಿದು, ಅವನನ್ನು ಓದಿಸಿದಳು. ಖಾತೆ ತೆರೆದಾಗ ಅವನ ಬಳಿ ಮೊಬೈಲ್ ಇರಲಿಲ್ಲವೆಂದು ಅವಳ ನಂಬರನ್ನೇ ಕೊಟ್ಟಿದ್ದ. ಸನ್ಯಾಸ ಎಂದರೆ ಅವಳು ಲಟ್ಟಣಿಗೆ ಎತ್ತುತ್ತಾಳೆ ಎಂಬ ಹೆದರಿಕೆಯಿಂದ ಕೇಳದೆಯೇ ಬಂದಿದ್ದ. ಆರು ವರ್ಷ ಒಂದು ಮಾತೂ ಕಳಿಸಿರಲಿಲ್ಲ.

ಫೋನು ಮಾಡಿದರೆ ಸುಳ್ಳು ಹೊರಬಿದ್ದು ದೀಕ್ಷೆ ಹೋಗಬಹುದು. ಮಾಡದಿದ್ದರೆ ಬಾಗಿಲು ತೆರೆಯುವುದಿಲ್ಲ, ಎಂಟುನೂರು ಜನ ಹೊರಗೆ ನಿಲ್ಲುತ್ತಾರೆ. ತಿಪ್ಪಣ್ಣ ಒಂದು ದಿನ ಯೋಚಿಸಿದ. ಯೋಚಿಸಿ, ಸನ್ಯಾಸಿಯಾಗುವವನು ಯೋಚಿಸಬಾರದ ಉಪಾಯವೊಂದನ್ನು ಹಿಡಿದ.

ಮರುದಿನ ಬೆಳಿಗ್ಗೆ ಆಫೀಸಿನ ಫೋನು ಹಿಡಿದು ಕುಳಿತ. ಅಜ್ಜಾರು ಕಟ್ಟೆಯ ಮೇಲೆಯೇ ಇದ್ದರು. ಅವರಿಗೆ ಕಿವಿ ಮಂದ ಎಂದು ಆಶ್ರಮದಲ್ಲಿ ಎಲ್ಲರೂ ನಂಬಿದ್ದರು.

ತಿಪ್ಪಣ್ಣ ಮೂಗಿನಲ್ಲಿ ದನಿ ತೆಗೆದ.

“ನಮಸ್ಕಾರ್ರಿ ಅಕ್ಕಾರ. ಕಂಪನಿಯಿಂದ ಮಾತಾಡಾಕತ್ತೀವಿ. ನಿಮ್ಮ ಮೊಬೈಲಿಗೆ ಆರು ಅಂಕಿ ಬಂದಿರ್ತಾವು. ಅವನ್ನಷ್ಟು ಹೇಳ್ರಿ.”

ಓಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ನೀಲವ್ವನಿಗೆ ಮೂರು ಸಲ ಹೇಳಿದ್ದರು. ಅಂಥ ಕಳ್ಳ ತನಗೊಬ್ಬ ಸಿಗಲಿ ಎಂದು ಅವಳು ಬಹಳ ದಿನದಿಂದ ಕಾಯುತ್ತಿದ್ದಳು. ಈಗ ಸಿಕ್ಕ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರನ್ನೂ ಎತ್ತಿ ಆಡಿದಳು. ಅವರು ತನ್ನ ಹಿರಿಯರೂ ಹೌದೆಂಬುದು ಅವಳಿಗೆ ಗೊತ್ತಿರಲಿಲ್ಲ.

ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ತಿಪ್ಪಣ್ಣ ತನ್ನ ದನಿಯಲ್ಲಿ ಹೇಳಿದ:

“ಅಕ್ಕಾ, ನಾನು. ತಿಪ್ಯಾ.”

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಅವನ ಹೆಸರೂ ಕಲ್ತು ಬಂದೀಯೇನು? ನನ್ನ ತಮ್ಮ ಆಗಿದ್ರ ಹೇಳು. ಅಂವ ಮನಿ ಬಿಟ್ಟ ದಿನಾ ಕೈಯಾಗ ಏನು ಹಿಡಕೊಂಡು ಹೋದ?”

“ಜ್ವಾಳದ ಡಬ್ಬಿ. ಬೀಸಿಸ್ಕೊಂಡು ಬರ್ತೀನಿ ಅಂತ ಹೋದೆ.”

“ಎಷ್ಟು ಜ್ವಾಳ?”

“ಐದು ಕಿಲೋ.”

“ಹಿಟ್ಟೆಲ್ಲೈತಿ?”

ಡಬ್ಬಿಯನ್ನು ಗಿರಣಿಯಲ್ಲೇ ಬಿಟ್ಟು ಬಸ್ಸು ಹತ್ತಿದೆ ಎಂದು ತಿಪ್ಪಣ್ಣ ಹೇಗೋ ಹೇಳಿದ.

“ಮರುದಿನಾ ಗಿರಣಿಯಾಂವ ತಂದು ಕೊಟ್ಟ,” ಎಂದಳು ನೀಲವ್ವ. “ಹಿಟ್ಟು ಬಂತು. ನೀ ಬರ್ಲಿಲ್ಲ.”

ಆಮೇಲೆ ಅವಳು ಆರು ಅಂಕಿಗಳನ್ನು ಒಂದೊಂದಾಗಿ ಓದಿದಳು. ನಾಲ್ಕನೆಯದಕ್ಕೆ ಬರುವಾಗ ಅಳುತ್ತಿದ್ದಳು. ಎಲ್ಲಿದ್ದೀಯೋ, ಊಟಕ್ಕೆ ಏನು ಮಾಡುತ್ತೀಯೋ ಎಂದು ಕೇಳಿದಳು.

ತಿಪ್ಪಣ್ಣ ಫೋನು ಇಟ್ಟುಬಿಟ್ಟ. ಅವನಿಗೂ ಅಳು ಬಂದಿತ್ತು, ಅದು ನಿಜ. ಆದರೆ ಇಟ್ಟದ್ದು ಹೆದರಿ, ಅದೂ ನಿಜ. ಅಂಕಿಗಳು ಮರೆಯುವ ಮೊದಲು ಕಂಪ್ಯೂಟರಿನ ಕೋಣೆಗೆ ಓಡಿದ.

ಹಿಂದೆಯೇ ಫೋನು ರಿಂಗಾಯಿತು. ಅಜ್ಜಾರು ಎದ್ದು ಹೋಗಿ ಎತ್ತಿದರು. ಬಹಳ ಹೊತ್ತು ಕೇಳಿದರು. ಆ ದಿನ ಅವರ ಕಿವಿಗೆ ಎಲ್ಲವೂ ಚೆನ್ನಾಗಿಯೇ ಕೇಳಿಸಿತು.

“ಹುಣ್ಣಿವಿ ಮುಂಜಾನೆ ಬಾರವ್ವ. ಊಟಾ ಇಲ್ಲೇ ಮಾಡೀಯಂತ,” ಎಂದು ಹೇಳಿ, ಮತ್ತೆ ಬಂದು ಶೇಂಗಾ ಹಿಡಿದು ಕುಳಿತರು.

ಅತ್ತ ಖಾತೆಯ ಬೀಗ ತೆರೆದಿತ್ತು. ಪಾಲಕರ ಒಪ್ಪಿಗೆ ಸಿಕ್ಕಿತೆಂದು ಕಂಪನಿ ಅಭಿನಂದಿಸಿತು. ಹೆಸರನ್ನು ಮಾತ್ರ ಮೊದಲಿನಂತೆ ತಿಪ್ಪಣ್ಣ ಎಂದೇ ಕೂರಿಸಿತ್ತು. ಮತ್ತೆ ಬದಲಿಸಲು ಒಂದು ತಿಂಗಳು ಕಾಯಬೇಕಂತೆ.

ಹುಣ್ಣಿಮೆಗೆ ಇನ್ನೂ ಎರಡು ದಿನವಿತ್ತು. ನಿಜ ಹೇಳಲು ಎರಡು ದಿನ ಧಾರಾಳವಾಯಿತು. ತಿಪ್ಪಣ್ಣ ಮೂರು ಸಲ ಅಜ್ಜಾರ ಕೋಣೆಯ ಬಾಗಿಲಿಗೆ ಹೋದ. ಮೊದಲ ಸಲ ನೀರು ಬೇಕೇ ಎಂದು ಕೇಳಿದ. ಎರಡನೆಯ ಸಲ ಓರೆಗೆರೆಯ ಬಗ್ಗೆ ಮಾತಾಡಿದ. ಮೂರನೆಯ ಸಲ ಏನೂ ತೋಚದೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದ.

ಅಜ್ಜಾರು ನೀರು ಬೇಡವೆಂದರು, ಓರೆಗೆರೆಯ ಬಗ್ಗೆ ಕೇಳಿಸಿಕೊಂಡರು, ನಮಸ್ಕಾರಕ್ಕೆ ತಲೆಯ ಮೇಲೆ ಕೈಯಿಟ್ಟರು.

ಹುಣ್ಣಿಮೆ ಬಂತು. ಬೆಳಿಗ್ಗೆ ಗಂಟೆ ಬಾರಿಸಿ ಆಪಿನ ಬಾಗಿಲು ತೆರೆದರು. ಮೊಬೈಲಿನಿಂದ, ವೆಬ್‌ನಿಂದ ಭಕ್ತರು ಒಬ್ಬೊಬ್ಬರಾಗಿ ಒಳಗೆ ಬಂದರು. ಹೋದವರೆಲ್ಲ ಸರಿಯಾದ ವಿಳಾಸಕ್ಕೆ ಮರಳಿದರು. ಯಾರೂ ಪಾಸ್‌ವರ್ಡ್ ಮರೆಯಲಿಲ್ಲ, ಮರೆಯಲು ಪಾಸ್‌ವರ್ಡ್ ಇರಲಿಲ್ಲ. ಆಫೀಸಿನ ಫೋನು ಒಮ್ಮೆಯೂ ರಿಂಗಾಗಲಿಲ್ಲ.

ತಿಪ್ಪಣ್ಣ ತಲೆ ಬೋಳಿಸಿಕೊಂಡು, ಹೊಳೆಯಲ್ಲಿ ಮುಳುಗೆದ್ದು, ಅಜ್ಜಾರ ಮುಂದೆ ಮಣೆಯ ಮೇಲೆ ಕುಳಿತ. ತಾಟಿನಲ್ಲಿ ಮಡಿಸಿದ ಕಾವಿ ಇತ್ತು. ಮಂಟಪ ತುಂಬಿತ್ತು.

ನಿಃಸಂಗರು ಪಕ್ಕದಲ್ಲಿ ಕುಳಿತು ಕೊನೆಯ ನಿಯಮ ನೆನಪಿಸಿದರು. ಮಣೆಯ ಮೇಲೆ ಕುಳಿತವನು ಹಳೆಯ ಹೆಸರಿಗೆ ಓ ಎಂದರೆ ಕಾರ್ಯ ಕೆಟ್ಟಿತು. ಎದ್ದು ಹೋಗಬೇಕು, ಮತ್ತೆ ಎಷ್ಟು ವರ್ಷವೋ.

ಅಜ್ಜಾರು ಕಾವಿಯನ್ನು ಕೈಗೆ ತೆಗೆದುಕೊಂಡರು. ಹೊಸ ಹೆಸರನ್ನು ಕಿವಿಯಲ್ಲಿ ಹೇಳಲು ಮುಂದಕ್ಕೆ ಬಾಗಿದರು.

“ತಿಪ್ಯಾ.”

ಬಾಗಿಲ ಕಡೆಯಿಂದ ಬಂತು. ಎಲ್ಲರೂ ತಿರುಗಿ ನೋಡಿದರು. ಮೊಣಕೈವರೆಗೆ ಹಿಟ್ಟು ಮೆತ್ತಿ ಮೆತ್ತಿ ಬಿಳಿಚಿದ ಕೈಗಳ ಹೆಂಗಸೊಬ್ಬಳು ಹೊಸ್ತಿಲಲ್ಲಿ ನಿಂತಿದ್ದಳು. ಬಸ್ಸಿನ ಧೂಳು ಇನ್ನೂ ಸೀರೆಯ ಮೇಲಿತ್ತು. ಬೋಳು ತಲೆಗಳ ನಡುವೆ ಯಾವುದು ತನ್ನದೆಂದು ತಿಳಿಯದೆ ಒಂದೊಂದನ್ನೇ ನೋಡುತ್ತಿದ್ದಳು.

ತಿಪ್ಪಣ್ಣ ತಿರುಗಲಿಲ್ಲ. ಯಾರೆಂದು ತಿಳಿಯಲು ಅವನು ನೋಡಬೇಕಾಗಿಯೂ ಇರಲಿಲ್ಲ. ನಿಃಸಂಗರ ಕೈ ಅವನ ಭುಜದ ಮೇಲೆ ಬಿತ್ತು.

“ತಿಪ್ಯಾ, ನಾನೋ.”

ಆರು ವರ್ಷ ಕಾದ ಹೆಸರು ಅವನ ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು. ಕಣ್ಣು ತುಂಬಿ ಕೆನ್ನೆಗೆ ಇಳಿಯಿತು. ತುಟಿ ಬಿಗಿಹಿಡಿದು ಅಜ್ಜಾರ ಮುಖ ನೋಡಿದ.

ಮೂರನೆಯ ಸಲ ಕರೆದಾಗ ಅವಳ ದನಿ ಒಡೆದಿತ್ತು. ತಿಪ್ಪಣ್ಣ ಆಗಲೂ ತಿರುಗಲಿಲ್ಲ.

ಅಜ್ಜಾರು ನೆಟ್ಟಗೆ ಕುಳಿತರು. ಕಾವಿಯನ್ನು ಮೊದಲಿನ ಹಾಗೇ ಮಡಿಸಿ ತಾಟಿನಲ್ಲಿಟ್ಟರು.

“ತಿಪ್ಪಣ್ಣಾ, ಇದ್ದ ಹೆಸರಿಗೆ ಓ ಅನ್ನದಾಂವಗ ನಾ ಇನ್ನೊಂದು ಹೆಸರು ಕೊಟ್ಟು ಏನು ಮಾಡ್ಲಿ?”